ಹುಳಿ ಕಾಗದ, ಖಾಲಿ ಗಾಜು

ನನ್ನ ಹೆಂಗಸರ ಗಾಜುಗಳೆಲ್ಲ ಖಾಲಿ ಬಂದವು. ಎಲ್ಲ ಶುರುವಾದದ್ದು ಅಲ್ಲಿಂದ.

ಗಾಜು ಎಂದರೆ ಎರಡು ಬೆರಳಗಲದ ಗಾಜಿನ ಪಟ್ಟಿ. ಬಸುರಿಯ ಒಳಗಿನ ಪಸೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದು ಅದರ ಮೇಲೆ ಸವರುತ್ತಾರೆ. ಒಣಗಿದ ಮೇಲೆ ನೇರಳೆ ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಳಗೆ ಯಾವ ಜೀವಿ ಬದುಕಿದೆ ಎಂದು ಅದರಲ್ಲಿ ಕಾಣುತ್ತದೆ. ಸಿಂಧನೂರಿನಲ್ಲಿ ಎರಡು ಕೋಣೆಯ ಮನೆ ಹಿಡಿದು ಒಬ್ಬ ಡಾಕ್ಟರಮ್ಮ ಈ ಕೆಲಸ ನಡೆಸುತ್ತಿದ್ದರು. ದಿನ ತುಂಬುವ ಮೊದಲೇ ಹೆರಿಗೆ ಯಾಕಾಗುತ್ತದೆ, ಅದನ್ನು ತಡೆಯಲು ಬರುತ್ತದೆಯೇ, ಇದು ಅವರ ಹುಡುಕಾಟ.

ಅವರು ನನಗೆ ಹೀಗೆ ತಿಳಿಸಿದ್ದರು. ಹೆಣ್ಣಿನ ಯೋನಿಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಹಾಲು ಮೊಸರಾಗುವುದು ಅಂಥವುಗಳಿಂದಲೇ. ಅವು ಒಳಗೆ ಹುಳಿ ಮಾಡಿ ಇಡುತ್ತವೆ. ಹುಳಿ ಇದ್ದಲ್ಲಿ ಕೆಟ್ಟವು ಬೆಳೆಯುವುದಿಲ್ಲ. ಒಳ್ಳೆಯವು ಕಡಿಮೆಯಾದರೆ ಕೆಟ್ಟವು ಹೆಚ್ಚಿ, ಗರ್ಭದ ಬಾಯಿ ದಾಟಿ ಮೇಲೆ ಹತ್ತಿ, ಕೂಸಿನ ನೀರಿನ ಚೀಲ ಮೊದಲೇ ಒಡೆಯುವಂತೆ ಮಾಡಬಹುದು. ‘ಮಾಡಬಹುದು’ ಎಂದೇ ಅವರು ಯಾವಾಗಲೂ ಹೇಳುತ್ತಿದ್ದರು. ‘ಮಾಡುತ್ತವೆ’ ಎಂದು ಒಮ್ಮೆಯೂ ಹೇಳಲಿಲ್ಲ. ಡಾಕ್ಟರಾಗಿ ಇವರಿಗೆ ಖಚಿತ ಗೊತ್ತಿಲ್ಲವೇ ಎಂದು ಆಗ ನನಗೆ ಬೇಸರ ಬರುತ್ತಿತ್ತು.

ನಾನು ಸೂಲಗಿತ್ತಿ. ಈಗ ಮನೆಯಲ್ಲಿ ಯಾರೂ ಹಡೆಯುವುದಿಲ್ಲ. ಆದರೆ ಜವಳಗೇರಾ ಮತ್ತು ಅದರ ಸುತ್ತಿನ ಊರುಗಳಲ್ಲಿ ಹೆಂಗಸರು ನನ್ನ ಮಾತು ಕೇಳುತ್ತಾರೆ. ಅದಕ್ಕಾಗಿ ನನ್ನನ್ನು ಇಟ್ಟುಕೊಂಡರು. ಬಸುರಿಯರನ್ನು ಒಪ್ಪಿಸಿ ವ್ಯಾನು ಹತ್ತಿಸುವುದು, ಮೇಜಿನ ಬಳಿ ಅವರ ಕೈ ಹಿಡಿದು ನಿಲ್ಲುವುದು, ಮಂಜುಗಡ್ಡೆಯ ಡಬ್ಬಿ ಹೊರುವುದು, ಇಷ್ಟು ನನ್ನ ಕೆಲಸ. ಒಬ್ಬೊಬ್ಬಳಿಗೆ ಮೂರು ಕಡ್ಡಿ. ಮೊದಲನೆಯದನ್ನು ಹಳದಿ ಕಾಗದಕ್ಕೆ ಒತ್ತುತ್ತಾರೆ. ಒಳಗೆ ಹುಳಿ ಇದ್ದರೆ ಕಾಗದ ಹಳದಿಯಾಗಿಯೇ ಇರುತ್ತದೆ, ಹುಳಿ ಹೋಗಿದ್ದರೆ ಹಸಿರಿಗೆ ತಿರುಗುತ್ತದೆ. ಎರಡನೆಯದು ಗಾಜಿಗೆ. ಮೂರನೆಯದು ನಳಿಕೆಯಲ್ಲಿ ಮುಚ್ಚಿ ಮಂಜಿಗೆ. ಅದು ದೊಡ್ಡ ಊರಿಗೆ ಹೋಗುತ್ತದೆ.

ನನ್ನ ಹಾಗೆಯೇ, ಬಂಗಾಲದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಬಸುರಿಯರನ್ನು ಕರೆತರಲು ಇನ್ನೊಬ್ಬಳಿದ್ದಳು. ಬಂಗಾಲಿ ಹೆಂಗಸು, ಎರಡು ಮಕ್ಕಳ ತಾಯಿ. ಓದಿದ್ದಳು. ಗಾಜಿಗೆ ಬಣ್ಣ ಹಾಕುವುದೂ ಅವಳೇ. ನನ್ನ ಒಂಬತ್ತು ಹೆಂಗಸರ ಗಾಜು ನೋಡಿ ಮೊದಲು ನಕ್ಕವಳು ಅವಳು.

“ಏನ್ ಬೇ ಆಯಿ, ನಿಮ್ಮ ಊರಿನವ್ರು ಬಸುರಿ ಆಗ್ಯಾರೊ, ಪಾತ್ರಿ ತಿಕ್ಕಿ ಬೋರಲು ಹಾಕ್ಯಾರೊ? ಒಂದು ಹುಳಾನೂ ಇಲ್ಲ ಇದರಾಗ.”

“ನಮ್ಮವ್ರು ಸಾಫ್ ಇರ್ತಾರ” ಅಂದೆ. “ನಿಮ್ಮಂಗ ಮೀನ ತಿಂದು ಕುಂದ್ರಂಗಿಲ್ಲ.”

“ಮೀನ ತಿಂದೋರ ಗಾಜು ತುಂಬಿ ತುಳುಕಾಕತ್ತೈತಿ, ಬಂದು ನೋಡು.”

ಡಾಕ್ಟರಮ್ಮ ನಗಲಿಲ್ಲ. ಬಣ್ಣ ಕೆಟ್ಟಿದೆಯೇನೋ ಎಂದು ಬೇರೆ ಬಣ್ಣ ತರಿಸಿದರು. ಕಡ್ಡಿಯ ಪೊಟ್ಟಣ ಬದಲಿಸಿದರು. ನಾನು ಡಬ್ಬಿ ಬಿಸಿಲಲ್ಲಿ ಇಡುತ್ತೇನೆಯೇ ಎಂದು ಒಂದು ದಿನ ವ್ಯಾನಿನಲ್ಲಿ ಜೊತೆಗೇ ಬಂದರು. ಜವಳಗೇರಾದಲ್ಲಿ ತಾವೇ ಕಡ್ಡಿ ಹಾಕಿ, ತಾವೇ ಗಾಜಿಗೆ ಸವರಿದರು. ಮತ್ತೆ ಖಾಲಿ. ಕಾಲುವೆ ನೀರನ್ನೂ ಶೀಶೆಯಲ್ಲಿ ತುಂಬಿಕೊಂಡು ಹೋದರು. ಕ್ಯಾಂಪಿನವರದೂ ಅದೇ ಕಾಲುವೆ, ಅದೇ ಭತ್ತದ ಗದ್ದೆ. ಅವರ ಗಾಜಿನಲ್ಲಿ ಇರುವುದು ಇವರ ಗಾಜಿನಲ್ಲಿ ಯಾಕಿಲ್ಲ?

ಒಂದು ಮಧ್ಯಾಹ್ನ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. “ನೀವೂ ನೋಡಿ ಅಜ್ಜಿ” ಅಂದರು. ಮೊದಲು ಕ್ಯಾಂಪಿನ ಗಾಜು. ಕತ್ತರಿಸಿದ ಹುಲ್ಲಿನ ತುಣುಕಿನಂಥ ನೇರಳೆ ಕಡ್ಡಿಗಳು, ಎಲ್ಲಿ ನೋಡಿದರೂ ಕಡ್ಡಿಗಳು. ಹುಳಿ ಮಾಡುವ ಒಳ್ಳೆಯವು ಅವೇ. ಆಮೇಲೆ ನನ್ನವರ ಗಾಜು. ಮುರಿದ ಹಪ್ಪಳದಂಥ ಅಗಲ ಚೂರುಗಳು, ಅವು ಮೈಯದೇ ತೊಗಲು ಎಂದರು. ನಡುವೆ ಬಯಲು. ಏನೂ ಇಲ್ಲ.

“ನನಗೆ ಅರ್ಥವಾಗದೇ ಇರುವುದು ಒಂದೇ” ಅಂದರು ಡಾಕ್ಟರಮ್ಮ. “ಕಾಗದ ಹಳದಿ ಇದೆ. ಅಂದರೆ ಒಳಗೆ ಹುಳಿ ಇದೆ. ಆದರೆ ಹುಳಿ ಮಾಡುವವು ಗಾಜಿನಲ್ಲಿ ಒಂದೂ ಇಲ್ಲ. ಹಾಗಾದರೆ ಈ ಹುಳಿ ಎಲ್ಲಿಂದ ಬಂತು?”

ನನ್ನ ನಾಲಗೆಯ ಮೇಲೆ ಪಟಿಕದ ರುಚಿ ಬಂತು.

ಪಟಿಕ ಎಂದರೆ ಕ್ಷೌರದಂಗಡಿಯಲ್ಲಿ ಗದ್ದಕ್ಕೆ ಉಜ್ಜುವ ಬಿಳಿ ಕಲ್ಲು. ನಾಲಗೆಗೆ ಹಚ್ಚಿದರೆ ಹುಳಿ, ಒಗರು. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ, ಬೆರಳಿಗೆ ಸುತ್ತಿ, ಒಳಗೆಲ್ಲ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಭತ್ತದ ನಾಟಿಗೆ ಹೋಗುವ ಹೆಂಗಸರು ದಿನವೆಲ್ಲ ನೀರಿನಲ್ಲಿ ನಿಲ್ಲುತ್ತಾರೆ. ಬಿಳಿಸೆರಗು ಹೋಗುತ್ತದೆ, ಕಡಿತ ಏಳುತ್ತದೆ. ಅದಕ್ಕೆ ನನ್ನ ಅತ್ತೆ ನನಗೆ ಇದನ್ನು ಕಲಿಸಿದಳು. ನಾನು ಊರಿಗೆಲ್ಲ ಕಲಿಸಿದೆ. ಬಸುರಿಯರಿಗೆ ಎರಡು ಹೊತ್ತು ಎಂದು ಹೇಳುತ್ತಿದ್ದೆ, ಕೂಸು ಬರುವ ದಾರಿ ಚೊಕ್ಕ ಇರಲಿ ಎಂದು.

ಈ ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಮಾಡಿದೆ. ವ್ಯಾನು ಬರುವ ದಿನ ಬೆಳಿಗ್ಗೆ ಮನೆಮನೆಗೆ ಹೋಗಿ, “ಡಾಕ್ಟ್ರ ಮುಂದ ಹೋಗಾಕತ್ತೀರಿ, ಹೊಲಸು ಇಟ್ಕೊಂಡು ಹೋಗಬ್ಯಾಡ್ರಿ, ನಮ್ಮ ಊರಿನ ಇಜ್ಜತ್ ಐತಿ” ಎಂದು ಹೇಳಿ, ನಿಂತು ತೊಳೆಸಿಯೇ ಕಳಿಸುತ್ತಿದ್ದೆ. ಮನೆಗೆ ಬೀಗರು ಬರುವ ಮುಂಚೆ ಅಂಗಳ ಸಾರಿಸಿದ ಹಾಗೆ.

ಬಸುರಿಯರನ್ನು ಕೇಳಿ ತುಂಬುವ ಡಾಕ್ಟರಮ್ಮನ ಹಾಳೆಯಲ್ಲಿ ಆ ಪ್ರಶ್ನೆಯೂ ಇತ್ತು. ಒಳಗೆ ಏನಾದರೂ ಹಾಕಿ ತೊಳೆಯುತ್ತೀರಾ ಎಂದು. ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಇಲ್ಲ ಎಂದು ಬರೆಸುತ್ತಿದ್ದವಳು ನಾನು. ಇಂಥದ್ದೆಲ್ಲ ಹಾಳೆಗೆ ಏರಬಾರದು ಎಂಬುದು ನನ್ನ ಲೆಕ್ಕ.

ಅವತ್ತು ಡಾಕ್ಟರಮ್ಮನಿಗೆ ನಾನು ಏನೂ ಹೇಳಲಿಲ್ಲ. “ನನಗೇನ್ ಗೊತ್ತಾಗ್ತದರಿ” ಎಂದು ಎದ್ದೆ. ಕೆಲಸ ಹೋದೀತು ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒಂದು ಬೆಳಗಿನ ತೊಳೆತಕ್ಕೆ ಗಾಜು ಇಷ್ಟು ಬಯಲಾಗುವುದಾದರೆ, ವರ್ಷಾನುಗಟ್ಟಲೆ ತೊಳೆಸಿದ್ದು ಏನು ಮಾಡಿರಬೇಕು?

ಏಳನೇ ತಿಂಗಳಿಗೇ ಬಿದ್ದ ಕೂಸುಗಳು ನನ್ನ ಕೈಗೆ ಬಹಳ ಬಂದಿವೆ. ಎಷ್ಟು ಎಂದು ನಾನು ಎಣಿಸಿಟ್ಟಿಲ್ಲ. ಅವಕ್ಕೆ ತೂಕವಿರುವುದಿಲ್ಲ. ಎರಡೂ ಕೈ ಒಡ್ಡಿರುತ್ತೇವೆ, ಒಂದೇ ಕೈ ಸಾಕಾಗುತ್ತದೆ. ಅವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ಮಡಿಲಲ್ಲಿ ಇಟ್ಟುಕೊಂಡಿದ್ದ ಅಂಗೈಗೆ ಆ ಹಗುರ ಬಂದು ಕುಳಿತಿತು. ಕೈ ಒರೆಸಿಕೊಂಡೆ. ಹೋಗಲಿಲ್ಲ. ರೊಟ್ಟಿ ತಟ್ಟುವಾಗ, ಜಳಕ ಮಾಡುವಾಗ, ಹಾಡುಹಗಲು ಬಾವಿಕಟ್ಟೆಯಲ್ಲಿ ಹೆಂಗಸರ ನಡುವೆ ನಿಂತಾಗಲೂ ಅದು ಅಲ್ಲೇ ಇರುತ್ತಿತ್ತು.

ನನ್ನ ಒಂಬತ್ತು ಹೆಂಗಸರಲ್ಲಿ ಒಬ್ಬಳು ಜವಳಗೇರಾದ ಸೊಸೆ. ತವರು ಮಸ್ಕಿ. ಗಂಡ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದವನು, ರಜೆಗೆ ಬಂದು ಹೋಗುತ್ತಾನೆ. ಅವಳಿಗೆ ಎರಡು ಸಲ ಏಳರಲ್ಲೇ ಹೋಗಿದ್ದವು. ಎರಡು ಸಲವೂ ಗಾಡಿ ಬರುವಷ್ಟು ಹೊತ್ತು ಸಿಗಲಿಲ್ಲ, ಎರಡೂ ನನ್ನ ಕೈಯಲ್ಲೇ ಆದವು. ಇದು ಮೂರನೆಯದು, ನಾಲ್ಕು ತಿಂಗಳು ನಡೆದಿತ್ತು. ಇದೂ ಹೋದರೆ ಇನ್ನೊಂದು ಮದುವೆ ಮಾಡುವುದೆಂದು ಗಂಡನ ಅಕ್ಕಂದಿರು ಮಾತು ತೆಗೆದಿದ್ದರು. ಅವಳ ಮುಂದೆಯೇ ತೆಗೆದಿದ್ದರು.

ಅವಳ ಗಾಜೂ ಖಾಲಿ ಬಂದಿತ್ತು. ಗಾಜಿನಲ್ಲಿ ಒಳ್ಳೆಯವು ಇಲ್ಲದವರಿಗೆ ಡಾಕ್ಟರಮ್ಮ ಒಳಗೆ ಇಟ್ಟುಕೊಳ್ಳುವ ಗುಳಿಗೆಯ ಡಬ್ಬಿ ಕೊಡುತ್ತಿದ್ದರು. ಕೆಲವು ಡಬ್ಬಿಯ ಗುಳಿಗೆಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿರುತ್ತವೆ, ಕೆಲವು ಬರೀ ಹಿಟ್ಟು. ಯಾವುದು ಯಾವುದೆಂದು ಡಾಕ್ಟರಮ್ಮನಿಗೂ ತಿಳಿಯುವುದಿಲ್ಲ. ಡಬ್ಬಿಯ ಮೇಲೆ ಅಂಕಿ ಮಾತ್ರ. ಕೊನೆಗೆ ಅಂಕಿ ಬಿಚ್ಚಿ ನೋಡಿದಾಗ ಗುಳಿಗೆಯಿಂದ ಫಲ ಆಯಿತೋ ಇಲ್ಲವೋ ಎಂದು ಗೊತ್ತಾಗಬೇಕು. ಅದು ಅವರ ಪದ್ಧತಿ.

ಮರುದಿನ ಬೆಳಿಗ್ಗೆಯೇ ಅವಳ ಮನೆಗೆ ಹೋದೆ.

“ಇನ್ನ ಮ್ಯಾಲ ಒಳಗ ತೊಳೀಬ್ಯಾಡ” ಅಂದೆ.

ಅವಳು ಬಾಯಿ ತೆರೆಯುವ ಮೊದಲು ಅತ್ತೆ ಒಲೆಯ ಹತ್ತಿರದಿಂದ ಕೇಳಿದಳು. “ಯಾಕ? ನೀನಽ ಹೇಳಿದ್ದಿ. ನನಗೂ ನೀನಽ ಕಲಿಸಿದ್ದಿ.”

“ಈಗ ಬ್ಯಾಡ ಅಂತೀನಿ.”

“ಗದ್ದಿ ನೀರಾಗ ನಿಂತು ಬರ್ತಾಳ. ಕಡಿತದ, ವಾಸನಿ ಬರ್ತದ. ಹಂಗಽ ಮಕ್ಕೊಳ್ಳಬೇಕೇನು?”

“ಮ್ಯಾಲ ತೊಳ್ಕೊಳ್ಳಲಿ. ಒಳಗ ಕೈ ಹಾಕೋದು ಬ್ಯಾಡ. ವಾಸನಿ ಬಂದ್ರ ಡಾಕ್ಟ್ರಿಗೆ ತೋರಿಸ್ರಿ.”

“ಡಾಕ್ಟ್ರು ಹೇಳ್ಯಾರೇನು ಇದನ್ನ?”

“ನಾ ಹೇಳಾಕತ್ತೀನಿ.”

“ಮುದುಕಿಗೆ ಅರಳುಮರಳು” ಎಂದು ಅತ್ತೆ ಒಲೆಯ ಕಡೆ ತಿರುಗಿದಳು. ಸೊಸೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಆಯಿ, ನಾ ಗುಳಿಗಿ ಮಕ್ಕೊಳ್ಳೋ ಮುಂದ ಇಟ್ಕೊಂಡು ಮುಂಜಾನೆದ್ದು ತೊಳೀತೀನಿ. ಅದೂ ಹೋಗ್ತದೇನು?”

“ಹೋಗ್ತದ.”

“ಮತ್ತ ಇಷ್ಟು ದಿನ ಇಟ್ಕೊಂಡದ್ದು?”

ನಾನು ಸೆರಗು ಕೊಡವಿಕೊಂಡು ಎದ್ದೆ.

ಉಳಿದ ಎಂಟು ಮಂದಿಗೆ ಹೇಳಲಿಲ್ಲ. ಇದನ್ನು ನೆಟ್ಟಗೆ ಬರೆಯುತ್ತೇನೆ. ಎಲ್ಲರೂ ಒಮ್ಮೆಲೇ ತೊಳೆಯುವುದು ಬಿಟ್ಟರೆ ಎಲ್ಲರ ಗಾಜೂ ಬದಲಾಗುತ್ತದೆ, ಡಾಕ್ಟರಮ್ಮ ಕಾರಣ ಹುಡುಕುತ್ತಾರೆ, ನಾನು ಸಿಕ್ಕಿಬೀಳುತ್ತೇನೆ. ಹೀಗೆಲ್ಲ ಯೋಚಿಸಿಯೇ ಬಾಯಿ ಮುಚ್ಚಿಕೊಂಡೆ. ಮರೆತದ್ದಲ್ಲ.

ನಾಲ್ಕು ವಾರದ ಮೇಲೆ ಎರಡನೇ ಕಡ್ಡಿಯ ದಿನ ಬಂತು. ಜವಳಗೇರಾದವಳ ಗಾಜನ್ನು ಕ್ಯಾಂಪಿನವಳು ನೋಡಿ, ಕಣ್ಣು ತೆಗೆದು, ಮತ್ತೆ ಇಟ್ಟು ನೋಡಿದಳು. ಡಾಕ್ಟರಮ್ಮನನ್ನು ಕರೆದಳು. ಗಾಜಿನಲ್ಲಿ ನೇರಳೆ ಕಡ್ಡಿಗಳು ಬಂದಿದ್ದವು. ತುಂಬಿರಲಿಲ್ಲ, ಅಲ್ಲೊಂದು ಇಲ್ಲೊಂದು, ಆದರೆ ಇದ್ದವು. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರು. ಅವರ ನಗು ನಾನು ಅವತ್ತೇ ನೋಡಿದ್ದು.

“ಇವಳದು ಔಷಧಿ ಇರುವ ಡಬ್ಬಿಯೇ ಇರಬೇಕು” ಅಂದರು. “ಹೇಳಬಾರದು, ಆದರೆ ಇದು ಹಿಡಿದಿದೆ ಅನ್ನಿಸುತ್ತದೆ. ಎರಡು ಸಲ ಕಳೆದುಕೊಂಡವಳಲ್ಲಿ ಇಷ್ಟು ಬೇಗ! ಇದು ನಿಜವಾದರೆ ಎಷ್ಟು ಜನಕ್ಕೆ ಕೊಡಬಹುದು ಅಜ್ಜಿ!”

ಕ್ಯಾಂಪಿನವಳು ಚಹಾ ತರಿಸಿದಳು. ನನ್ನ ಕೈಗೂ ಲೋಟ ಕೊಟ್ಟು, “ಕಡೀಗೂ ನಿನ್ನ ಊರಿನ ಗಾಜಿಗೆ ಜೀವ ಬಂತು ನೋಡು ಆಯಿ” ಅಂದಳು. ಚಹಾ ಕುಡಿದೆ. ಗುಳಿಗೆಯಿಂದಲೋ ಪಟಿಕ ಬಿಟ್ಟಿದ್ದರಿಂದಲೋ, ಅದು ಗೊತ್ತಾಗುವ ದಾರಿಯನ್ನು ನಾನು ಕೆಡಿಸಿದ್ದೆ. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಲೋಟ ತೊಳೆದಿಡುವಷ್ಟರಲ್ಲಿ ಫೋನು ಬಂತು. ಎಂಟು ಮಂದಿಯಲ್ಲಿ ಒಬ್ಬಳಿಗೆ ಬೆಳಿಗ್ಗೆ ನೀರು ಹೋಗಿತ್ತು. ಚೊಚ್ಚಲು, ಏಳಕ್ಕೆ ಬಿದ್ದಿದ್ದಳು. ಸಿಂಧನೂರು ಮುಟ್ಟುವ ಮೊದಲೇ ಗಾಡಿಯಲ್ಲಿ ಹಡೆದಳು. ಕೂಸು ಆ ಸಂಜೆಯ ತನಕ ಇತ್ತು.

ಅವಳಿಗೆ ನಾನು ತೊಳೆಯಬೇಡ ಎಂದು ಹೇಳಿರಲಿಲ್ಲ. ಹಿಂದಿನ ವಾರ ಅವಳ ಮನೆಯಲ್ಲಿ ಕುಳಿತು ಮಂಡಕ್ಕಿ ತಿಂದು ಬಂದಿದ್ದೆ. ಬಚ್ಚಲಲ್ಲಿ ಪಟಿಕದ ಬಟ್ಟಲು ಕಂಡಿತ್ತು. ಕಂಡೂ ಸುಮ್ಮನೆ ಎದ್ದು ಬಂದಿದ್ದೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ಡಾಕ್ಟರಮ್ಮನಿಗಾಗಿ ಮೆಟ್ಟಿಲ ಮೇಲೆ ಕುಳಿತೆ. ಅವರು ಬಂದು ಬೀಗ ತೆಗೆದರು. ಒಳಗೆ ಹೋಗುವ ತನಕವೂ ತಡೆಯಲಿಲ್ಲ, ಹೊಸ್ತಿಲಲ್ಲೇ ಹೇಳಿದೆ.

“ನಿಮ್ಮ ಗುಳಿಗಿಲೆ ಆಗಿದ್ದಲ್ರಿ ಅದು. ನಾ ತೊಳೆಸಾಕತ್ತಿದ್ದೆ. ಪಟಿಕದ ನೀರಿಲೆ. ಕಡ್ಡಿ ಹಾಕೋ ದಿನ ನಿಂತು ತೊಳೆಸೀನಿ. ಹಾಳಿ ಮ್ಯಾಲ ಇಲ್ಲ ಅಂತ ಬರೆಸಿದಾಕಿನೂ ನಾನಽ. ಜವಳಗೇರಾದಾಕಿಗೆ ಒಬ್ಬಾಕಿಗೆ ಬಿಡಿಸೀನಿ, ಅದಕ್ಕ ಆಕಿ ಗಾಜು ಬ್ಯಾರೆ ಆಗೇತಿ. ಉಳಿದೋರಿಗೆ ಹೇಳಿಲ್ಲ.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕುಳಿತು ಕಾಗದ ತೆಗೆದುಕೊಂಡರು. ಎಷ್ಟು ಪಟಿಕ, ಎಷ್ಟು ನೀರು, ಬೆರಳು ಎಲ್ಲಿಯ ತನಕ, ದಿನಕ್ಕೆ ಎಷ್ಟು ಸಲ, ಕಡ್ಡಿ ಹಾಕುವುದಕ್ಕೆ ಎಷ್ಟು ಹೊತ್ತು ಮುಂಚೆ, ಎಂದಿನಿಂದ. ಒಂದೊಂದೇ ಕೇಳಿ ಬರೆದುಕೊಂಡರು. ಆಮೇಲೆ ಲೋಟದಲ್ಲಿ ಪಟಿಕ ಕರಗಿಸಿ ಹಳದಿ ಕಾಗದ ಅದ್ದಿದರು. ಕಾಗದ ಹಳದಿಯಾಗಿಯೇ ಉಳಿಯಿತು.

“ಹುಳಿ ಬಂದದ್ದು ಇಲ್ಲಿಂದ” ಎಂದು ತಮಗೇ ಹೇಳಿಕೊಂಡರು.

“ಮೊದಲಿನವು?” ಎಂದು ಕೇಳಿದೆ. “ನಾ ತೊಳೆಸಿದ್ದಕ್ಕ ಹೋದವೇನ್ರಿ ಅವು? ನಿನ್ನಿದು?”

“ಗೊತ್ತಿಲ್ಲ ಅಜ್ಜಿ.”

“ನೀವು ಓದಿದವ್ರು.”

“ಓದಿದ್ದಕ್ಕೇ ಗೊತ್ತಿಲ್ಲ ಅನ್ನುತ್ತಿದ್ದೇನೆ. ಒಳಗೆ ತೊಳೆಯುವುದು ಒಳ್ಳೆಯದಲ್ಲ, ಇಷ್ಟು ಹೇಳಬಲ್ಲೆ. ಅದರಿಂದ ಒಳ್ಳೆಯವು ಕಡಿಮೆಯಾಗುತ್ತವೆ. ಆದರೆ ತೊಳೆಯದವರಿಗೂ ಹೀಗಾಗುತ್ತದೆ, ತೊಳೆದವರಲ್ಲಿ ಎಷ್ಟೋ ಜನ ದಿನ ತುಂಬಿಯೇ ಹೆರುತ್ತಾರೆ. ಒಂದು ಕೂಸು ಇದರಿಂದಲೇ ಹೋಯಿತು ಎಂದು ಯಾರೂ ಹೇಳಲಾರರು. ಹೋಗಲಿಲ್ಲ ಎಂದೂ ಹೇಳಲಾರರು.”

ಹೌದು ಎಂದಿದ್ದರೆ ತಲೆ ಬಡಿದುಕೊಂಡು ಅಳುತ್ತಿದ್ದೆ. ಅಲ್ಲ ಎಂದಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದೆ. ಅವರು ಎರಡನ್ನೂ ಕೊಡಲಿಲ್ಲ.

ನನ್ನ ಒಂಬತ್ತೂ ಮಂದಿಯ ಗಾಜುಗಳನ್ನು ಬೇರೆ ಪೆಟ್ಟಿಗೆಗೆ ಹಾಕಿದರು. ಅವು ಇನ್ನು ಈ ಹುಡುಕಾಟದಲ್ಲಿ ಸೇರುವುದಿಲ್ಲ. ಮೇಲಿನವರಿಗೆ ಕಾರಣ ಬರೆದರು, ತಮ್ಮ ತಪ್ಪನ್ನೂ ಬರೆದರಂತೆ, ಹೆಂಗಸರನ್ನು ತಾವೇ ಕೇಳದೆ ನನ್ನ ಬಾಯಿಂದ ಕೇಳಿದ್ದು. “ಜವಳಗೇರಾದ ಹುಡುಗಿ?” ಅಂದೆ. “ಲೆಕ್ಕದಿಂದ ತೆಗೆದಿದ್ದೇನೆ, ಬಾಗಿಲಿನಿಂದ ಅಲ್ಲ. ತಪಾಸಣೆಗೆ ಬರಲಿ. ನೀವು ಒಂದು ಕೆಲಸ ಮಾಡಿ. ನೀವೇ ಕಲಿಸಿದ್ದನ್ನು ನೀವೇ ಬಿಡಿಸಬೇಕು. ನಾನು ಹೇಳಿದರೆ ಯಾರೂ ಕೇಳುವುದಿಲ್ಲ.”

ಹದಿನೈದು ದಿನ ಮನೆಮನೆ ತಿರುಗಿದೆ. ಬಸುರಿಯರ ಮನೆ ಅಷ್ಟೇ ಅಲ್ಲ, ನಾನು ಕಲಿಸಿದ ಎಲ್ಲ ಮನೆ. ಕೆಲವರು ನಕ್ಕರು. ಒಬ್ಬಳು, “ನಾ ಆರು ಹಡೆದೀನಿ ತೊಳಕೊಂಡಽ, ಎಲ್ಲಾ ಗುಂಡುಕಲ್ಲಿನಂಗ ಅದಾವ” ಎಂದು ಮಕ್ಕಳನ್ನು ಸಾಲಾಗಿ ತೋರಿಸಿದಳು. ಗಾಡಿಯಲ್ಲಿ ಹಡೆದವಳ ತಾಯಿ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು, ಪೂರ್ತಿ ಕೇಳಿದಳು. ಆಮೇಲೆ ಕದ ಹಾಕಿಕೊಂಡಳು.

ಜವಳಗೇರಾದವಳಿಗೆ ಕೊನೆಗೆ ಹೇಳಿದೆ. ತೊಳೆಯುವುದು ಬಿಡು ಎಂದು ಆಗಲೇ ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಈಗ ಯಾಕೆ ಎಂಬುದನ್ನು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

“ಅಂದ್ರ ನನ್ನ ಮೊದಲಿನವು ನಿನ್ನಿಂದ ಹೋದವೇನು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ?”

“ಡಾಕ್ಟ್ರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಹೋಗಿರಬಹುದು.”

ಮೊರ ತೆಗೆದುಕೊಂಡು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ತಪಾಸಣೆಗೆ ಮಾತ್ರ ಒಂದೂ ತಪ್ಪಿಸಲಿಲ್ಲ. ವ್ಯಾನಿನಲ್ಲಿ ನಾನು ಮುಂದೆ ಕುಳಿತರೆ ಅವಳು ಹಿಂದೆ.

ಆರಕ್ಕೆ ಬೀಳುವ ಹೊತ್ತಿಗೆ ಸ್ಕ್ಯಾನಿಂಗಿನಲ್ಲಿ ಗರ್ಭದ ಬಾಯಿ ಗಿಡ್ಡವಾಗಿರುವುದು ಕಂಡಿತು. ತೆರೆಯುವುದಕ್ಕೆ ತಯಾರಾದ ಬಾಯಿ. ಒಳ್ಳೆಯ ಬ್ಯಾಕ್ಟೀರಿಯಾ ಬಂದ ಮಾತ್ರಕ್ಕೆ ಎಲ್ಲ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೊಲಿಗೆ ಹಾಕಬೇಕು, ತಡ ಮಾಡಿದರೆ ಹಾಕಲು ಬರುವುದಿಲ್ಲ ಎಂದು ಲಿಂಗಸುಗೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೊಲಿಗೆ ಹಾಕುವ ಡಾಕ್ಟರು ಇದ್ದರು, ಗಂಡನಿಗೆ ಹಟ್ಟಿಯಿಂದ ಬರಲೂ ಹತ್ತಿರ. ದಾರಿಯಲ್ಲಿ ಮಸ್ಕಿಯಲ್ಲಿ ಅವಳ ತಾಯಿ ಗಾಡಿ ಹತ್ತಿಕೊಂಡಳು. ನನ್ನನ್ನು ಯಾರೂ ಬಾ ಎನ್ನಲಿಲ್ಲ. ನಾನೇ ಹೋದೆ.

ಗಂಡ ಪಾಳಿ ಮುಗಿಸಿ ಮೈಮೇಲಿನ ಧೂಳಿನಲ್ಲೇ ಬಂದ. ಸಹಿ ಹಾಕುವ ಮುಂಚೆ ನನ್ನ ಹತ್ತಿರ ಬಂದು ಕೇಳಿದ.

“ಆಯಿ, ಖರೇ ಹೇಳು. ಹೊಲಿಗಿ ಹಾಕಿದ್ರ ನಿಂದ್ರತದೇನು?”

ಹಿಂದಿನ ನಾನಾಗಿದ್ದರೆ ನಿಲ್ಲುತ್ತದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. “ನಿಂದ್ರಬಹುದು” ಅಂದೆ. “ಹಾಕದಿದ್ರ ನಿಂದ್ರೋದು ಕಷ್ಟ. ಸಹಿ ಹಾಕು.”

ಹಾಕಿದ.

ಹೊಲಿಗೆಯ ಮೇಲೆ ಅವಳು ಗದ್ದೆಗೆ ಹೋಗಲಿಲ್ಲ. ಆರು ಮುಗಿಯಿತು. ಏಳು ಹಿಡಿಯಿತು. ಆ ತಿಂಗಳು ನನ್ನ ಕೈ ನನಗೆ ಬೇಡವಾಗಿತ್ತು. ಅಂಗೈ ಮೇಲಿನ ಹಗುರ ಬಿಟ್ಟು ಹೋಗಲೇ ಇಲ್ಲ. ಉಣ್ಣುವಾಗ ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಿದ್ದೆ. ದಿನಾ ಸಂಜೆ ಅವಳ ಓಣಿಯಲ್ಲಿ ಹಾದು ಹೋಗುತ್ತಿದ್ದೆ. ಕಟ್ಟೆಯ ಮೇಲೆ ಅವಳು ಕುಳಿತಿದ್ದರೆ ಸರಿ, ಮುಂದೆ ನಡೆಯುತ್ತಿದ್ದೆ. ಅವಳು ನನ್ನನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಒಂದು ಸಂಜೆ ಕಟ್ಟೆ ಖಾಲಿ ಇತ್ತು. ಅಲ್ಲೇ ನಿಂತೆ. ಒಳಗಿನಿಂದ ಅತ್ತೆ ಬಂದು, “ಏನ್ ನಿಂತಿ ಕಂಬದಂಗ? ಮಕ್ಕೊಂಡಾಳ ಆಕಿ. ಹೋಗು” ಎಂದಳು.

ಎಂಟು ದಾಟಿತು. ಒಂಬತ್ತರಲ್ಲಿ ಹೊಲಿಗೆ ಬಿಚ್ಚಿದರು. ನಾಲ್ಕನೇ ದಿನ ಸಿಂಧನೂರಿನ ದವಾಖಾನೆಯಲ್ಲಿ ಹಡೆದಳು. ಹೆಣ್ಣು. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಗೋಡೆಯಾಚೆಯಿಂದ ಅಳು ಕೇಳಿತು, ಗಟ್ಟಿ ಅಳು. ಕ್ಯಾಂಪಿನವಳು ಓಡಿಬಂದು, “ಆಯಿ, ನಿನಗಿಂತ ಜೋರು ಬಾಯಿ ಐತಿ ಅದಕ್ಕ” ಅಂದಳು. ನಾನು ಎದ್ದು ನೀರು ಕುಡಿದೆ.

ಹೆತ್ತ ಐದನೇ ದಿನದ ಪೂಜೆ ಸೂಲಗಿತ್ತಿಯ ಕೈಯಿಂದ ಆಗಬೇಕೆಂಬುದು ನಮ್ಮಲ್ಲಿ ರೂಢಿ, ಈಗ ದವಾಖಾನೆಯಲ್ಲಿ ಹೆತ್ತರೂ. ಅತ್ತೆ ಹೇಳಿಕಳಿಸಿದಳು. ಬಾಣಂತಿ ಕೋಣೆಯಲ್ಲಿ ಮಣೆ ಹಾಕಿ, ಅರಿಸಿನ ಕುಂಕುಮ ಇಟ್ಟು, ದೀಪ ಹಚ್ಚಿದೆ. ಅವಳು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಅತ್ತೆ ಎಲೆ ಅಡಿಕೆ ತರಲು ಹೊರಗೆ ಹೋದಳು.

“ಆಯಿ.”

ನಾಲ್ಕು ತಿಂಗಳ ಮೇಲೆ ಅವಳು ನನ್ನನ್ನು ಕರೆದಳು.

“ಮೊದಲಿನವೆರಡೂ ಏನಿದ್ದವು? ಗಂಡೊ ಹೆಣ್ಣೊ?”

ನಮ್ಮಲ್ಲಿ ಅದನ್ನು ಹೇಳುವುದಿಲ್ಲ. ದಿನ ತುಂಬದೆ ಹೋದ ಕೂಸನ್ನು ತಾಯಿಗೆ ತೋರಿಸುವುದಿಲ್ಲ, ಗಂಡೋ ಹೆಣ್ಣೋ ಎಂದು ತಿಳಿಸುವುದಿಲ್ಲ. ತಿಳಿದರೆ ಅವಳು ಅದಕ್ಕೆ ಹೆಸರಿಡುತ್ತಾಳೆ, ಹೆಸರಿಟ್ಟರೆ ಮರೆಯುವುದಿಲ್ಲ ಎನ್ನುತ್ತೇವೆ. ಬಟ್ಟೆಯಲ್ಲಿ ಸುತ್ತಿ ಒಯ್ಯುವ ಸೂಲಗಿತ್ತಿ ಒಬ್ಬಳಿಗೇ ಅದು ಗೊತ್ತು. ಕೇಳಿದವರಿಗೆಲ್ಲ, “ಇನ್ನ ಏನೂ ಆಗಿದ್ದಿಲ್ಲ ಬಿಡು” ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಎಷ್ಟೋ ತಾಯಂದಿರ ಬಾಯಿ ಹಾಗೆ ಮುಚ್ಚಿಸಿದ್ದೇನೆ.

“ಮೊದಲಿಂದು ಗಂಡು” ಅಂದೆ. “ಎರಡನೇದು ಹೆಣ್ಣು.”

ಅವಳು ತಲೆ ಎತ್ತಲಿಲ್ಲ. “ಹೆಂಗಿದ್ದವು?”

“ಗಂಡಿಗೆ ತಲಿ ತುಂಬ ಕೂದಲಿದ್ದವು. ನಿನ್ನ ಹಣಿ. ಹೆಣ್ಣಿನ ಕಿವಿ ಇನ್ನ ಮಡಚಿದಂಗ ಇದ್ದವು. ತೊಗಲು ತೆಳ್ಳಗ, ಒಳಗಿನ ನರ ಕಾಣ್ತಿದ್ದವು. ಒಂದು ಮುಷ್ಟಿ ಬಿಚ್ಚಲಿಲ್ಲ.”

“ಅತ್ತವೇನು?”

“ಗಂಡು ಅಳಲಿಲ್ಲ. ಹೆಣ್ಣು ಜರಾ ಅತ್ತಿತು.”

“ನಾ ಕೇಳಿದ್ದೆ” ಅಂದಳು. “ಅದು ಬೆಕ್ಕು ಅಂದಿದ್ದಿ ನೀ.”

“ಹೌದು. ಬೆಕ್ಕು ಅಲ್ಲ ಅದು.”

ಮಡಿಲಿನ ಕೂಸು ಮಿಸುಕಿತು. ಅವಳು ಸೆರಗು ಸರಿಸಿ ಹಾಲಿಗೆ ಹಚ್ಚಿದಳು. ಪೂಜೆಯಾದ ಮೇಲೆ ಕೂಸನ್ನು ಮೊದಲು ಸೂಲಗಿತ್ತಿಯ ಕೈಗೆ ಕೊಡಬೇಕು. ಅವಳು ಕೊಡಲಿಲ್ಲ, ನಾನೂ ಕೈ ಒಡ್ಡಲಿಲ್ಲ. ಹೊರಗೆ ಅತ್ತೆಯ ಚಪ್ಪಲಿ ಸದ್ದು ಬಂತು.

“ಇನ್ನೊಮ್ಮಿ ಹೇಳು” ಅಂದಳು. “ಆಕಿ ಒಳಗ ಬಂದ್ರೂ ಹೇಳು. ಮೊದಲಿಂದ ಹೇಳು.”

“ಮೊದಲಿಂದು ಗಂಡು” ಎಂದು ಶುರು ಮಾಡಿದೆ.